ಷರಾ

ವಲಯ ಎಪ್ಪತ್ತಮೂರು, ಇಸವಿ ತೊಂಬತ್ತಮೂರು,
ದಿಮ್ಮಿ ಒಂಬತ್ತು ಸಾವಿರದ ನೂರಾ ಮೂವತ್ತಮೂರು.
ನಡುವೆ ಅಡ್ಡಗೆರೆ ಎಳೆಯಲು ಮರೆತ ಹುಚ್ಚರಾಯ
ಬುಡದಿಂದ ತುದಿಗೆ, ಉದ್ದಕ್ಕೆ, ಬಿಳಿ ಬಣ್ಣದಲ್ಲಿ
ಬರೆದುಬಿಟ್ಟ: ೭೩೯೩೯೧೩೩.
ಸಾಗರದ ನಾಟಾ ಡಿಪೋದೊಳಗೆ ಹೀಗೆ
ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಚಿಲ್ಲರೆ
ಹೊನ್ನೆಮರದ ಮೈಮೇಲೆ ಮಲಗಿತು.

ಹರಾಜಿನಲ್ಲಿ ಯಾರೂ ಕೂಗಲಿಲ್ಲ. ತುದಿಗೆ ಬಿರುಕು.
ಮಾರನೇ ವರ್ಷ ಸಾಹೇಬರು, ಬಿರುಕು ತೆಗೆಸಿ, ಅಂದರು.
ಮೊಯ್ದಿನಬ್ಬ ಗರಗಸ ಇಟ್ಟ.
ಬಿದ್ದ ಬಿಲ್ಲೆಯ ಜೊತೆ ಕೊನೆಯ ಮೂರು ಹೋಯಿತು.

ನಂಬರು ಕೆಟ್ಟಿತಲ್ಲೋ, ಎಂದು ನಾನು
ರಿಜಿಸ್ಟರು ಹಿಡಿದು ಬಯ್ದೆ.
ಕೆಟ್ಟಿಲ್ಲ ಮೇಡಮ್ಮೋರೆ, ಅಂದ ಹುಚ್ಚರಾಯ,
ಮೊದಲೂ ಭಾಗವಾಗ್ತಿರಲಿಲ್ಲ. ಈಗಲೂ ಆಗಲ್ಲ.

ತೋರಿಸಿದ. ಹಳೇ ರವಾನೆ ಪಾಸುಗಳ ಬೆನ್ನ ಮೇಲೆ
ಏಳು, ಹನ್ನೊಂದು, ಹದಿಮೂರು, ಹದಿನೇಳು...
ಎಂಟೂವರೆ ಸಾವಿರ ದಾಟುವವರೆಗೆ
ಸಾವಿರಕ್ಕೂ ಮೇಲೆ ಭಾಗಾಕಾರ,
ಒಂದೊಂದರ ಕೆಳಗೂ ಶೇಷ.
ಅಲ್ಲಿಗೇ ಯಾಕೆ ನಿಲ್ಲಿಸಿದೆ?
ಆಚೆಯ ದೊಡ್ಡವನು ಯಾವನಾದರೂ ಭಾಗಿಸುವುದಾದರೆ
ಈಚೆಗೊಬ್ಬ ಸಣ್ಣವನು ಜೊತೆಗಿರಬೇಕು, ಅಂದ.
ಸಣ್ಣವರನ್ನೆಲ್ಲ ಕೇಳಿಯಾಯ್ತು.

ಆಮೇಲೆ ಗೆದ್ದಲು. ತಿಂದಷ್ಟು ಕೊಯ್ಯಿ.
೭೩೯೩೯೧. ಆಗಲಿಲ್ಲ.
೭೩೯೩೯. ಆಗಲಿಲ್ಲ.
ಬಿಲ್ಲೆಗಳಲ್ಲಿ ಒಂದು ಚಹಾ ಪಾತ್ರೆಯ ಕೆಳಗೆ ಸೇರಿತು,
ಒಂಬತ್ತನ್ನು ಸಾಹೇಬರು ಸಕ್ಕರೆ ಕಾಯಿಲೆಗೆಂದು ಒಯ್ದು
ರಾತ್ರಿಯಿಡೀ ನೀರಿನಲ್ಲಿ ನೆನೆಸಿ
ಬೆಳಿಗ್ಗೆ ನೀಲಿಗಟ್ಟಿದ್ದನ್ನು ಕುಡಿದರು.

ಈ ಒಂದು ಇದೆಯಲ್ಲ ಮೇಡಮ್ಮೋರೆ,
ಅದು ಒಂದೇ ಸಲ ಬರಬೇಕು.
ಮೂರೂ ಒಂಬತ್ತೂ ಎಷ್ಟು ಬಂದರೂ ಮೂರರ ತಕ್ಕಡಿ ಅಲುಗಲ್ಲ.
ಎಂಟೂ ಅಂಕಿ ಕೂಡಿ, ಮೂವತ್ತೆಂಟು.
ಇನ್ನೊಂದು ಒಂದು ಬಂತೋ, ಮೂವತ್ತೊಂಬತ್ತು,
ಇಡೀ ಮರ ಮೂರರ ಬಾಯಿಗೆ.

ಹಾಗಾದರೆ ಬೇರೆ ಯಾವುದಾದರೂ ಅಂಕಿ ಸೇರಿಸಿದರೆ,
ಒಂಬತ್ತನೆಯದು? ನಾನು ಕೇಳಿದ್ದು ತಮಾಷೆಗೆ.
ಅವನು ನಗಲಿಲ್ಲ.
ಸಮ ಅಂಕಿಗೂ ಸೊನ್ನೆಗೂ ಎರಡು ಕಾದಿದೆ, ಐದಕ್ಕೆ ಐದು,
ಒಂದಕ್ಕೂ ಏಳಕ್ಕೂ ಅದೇ ಮೂರು.
ಉಳಿದ ಮೂರು, ಒಂಬತ್ತು ಸತಾಯಿಸಿದವು,
ದೀಪಾವಳಿಯಿಂದ ಸಂಕ್ರಾಂತಿವರೆಗೆ.
ಕೊನೆಗೆ ಅವೂ ಸೀಳಿದವು.

ಎರಡು, ಮೂರು, ಐದು, ಏಳು, ನಾಲ್ಕೇ ಬೀಜ.
ತುದಿಯಿಂದ ಎಷ್ಟೇ ಸವರಿದರೂ ಸೀಳದವು,
ಚಿಗುರು, ಕವಲು, ಎಲ್ಲ ಸೇರಿ ಎಂಬತ್ತಮೂರು ಮಾತ್ರ.
ಅದರಲ್ಲಿ ಅತಿ ಉದ್ದದ್ದು ನಮ್ಮ ಡಿಪೋದಲ್ಲಿ
ಬಿಸಿಲಿಗೆ ಬಿರಿದು ಬಿದ್ದಿತ್ತು,
ಬೋಲಿಯಿಲ್ಲದೆ.

ಹುಚ್ಚರಾಯ ಈಗ ಸೊರಬದಲ್ಲಿದ್ದಾನೆ.
ಅಡ್ಡಗೆರೆ ಎಳೆಯಲು ಅಲ್ಲೂ ಮರೆಯುತ್ತಾನಂತೆ,
ಮೇಲಿನವರಿಂದ ಎರಡು ಮೆಮೋ ಆಗಿದೆ.

ಇಲ್ಲಿ ಉಳಿದದ್ದು ಬುಡದ ಗಿಡ್ಡ ತುಂಡು, ಮೇಲೆ ೭.
ಮೊಯ್ದಿನಬ್ಬ ಅದರ ಮೇಲೆ ಕೂತು
ಗರಗಸದ ಹಲ್ಲಿಗೆ ಅರ ಹಾಕುತ್ತಾನೆ.
ಮೊನ್ನೆ ಆಡಿಟಿನವರು ಬಂದು
ಬೆರಳಿಟ್ಟು ಕೇಳಿದರು,
ತೊಂಬತ್ತಮೂರರ ಈ ದಿಮ್ಮಿ ಏನಾಯಿತು?
ಷರಾ ಕಾಲಮ್ಮು ಖಾಲಿಯಿತ್ತು.
ಪೆನ್ನು ತೆರೆದು ಬರೆದೆ:
ಶಿಲ್ಕು ಏಳು. ಭಾಗವಾಗಿಲ್ಲ.