ರೋಣದ ರೋ

ಮೊದಲಿಗೆ ಬೆಳಕು ಬರ್ತೈತಿ, ಗರಗಸದ ಹಲ್ಲಿನಂಥಾದ್ದು,
ಕಣ್ಣಿನ ಅಂಚಿಗೆ ನಿಂತು ನಡಗತೈತಿ.
ಆಮ್ಯಾಲ ಲಗ್ನಪತ್ರಿಕಿಯ ಎಡಗಡಿ ಮಾಯ.
ವೀರಭದ್ರ ಹೋಗಿ ಬರೇ ಭದ್ರ,
ಹುಡುಗಿ ಊರು ರೋಣ ಹೋಗಿ ಣ.
ಣ ಅನ್ನೂ ಊರಿಗೆ ಯಾವ ಬಸ್ಸು, ಅಂತ
ನಗಾಕ ಹೋದ್ರ ಬಲಗಣ್ಣಿನ ಹಿಂದ ಮೊಳಿ ಹೊಡಿತೈತಿ.

ಪ್ರೂಫು ನೋಡೂದು ನನ್ನ ಹೊಟ್ಟಿಪಾಡು.
ಗ್ವಾಡಿ ಆಚಿ ಮಶೀನು, ಶಾಯಿ, ಸೀಮಿಎಣ್ಣಿ ವಾಸನಿ.
ಕಾಣದ ಅಕ್ಷರ ಅಲ್ಲೇ ಇರಬೇಕಂತ
ಟಿಕ್ ಹಾಕ್ತೇನಿ, ದೇವ್ರನ್ನ ನಂಬಿದಂಗ.

ಹ್ವಾದ ಮಾಘದಾಗ ಒಂದು ಪತ್ರಿಕ್ಯಾಗ
ಇಪ್ಪತ್ಮೂರರ ಎರಡು ಖರೇನ ಇರಲಿಲ್ಲ.
ನನ್ನ ತಲೀನ ತಿಂದಿರಬೇಕು ಅನ್ಕೊಂಡೆ.
ಐನೂರು ಅಚ್ಚಾದವು, ಮೂರನೇ ತಾರೀಖಿನ ಮದವಿ.
ಅಸುಂಡಿ ಸಾವ್ಕಾರ್ರು ಬೈಲಿಲ್ಲ, ಪಗಾರ ಹಿಡದ್ರು, ಅಷ್ಟ.
‘ತಲಿನೋವು ಯಾರಿಗಿಲ್ಲ ಹೇಳು, ನೀಲವ್ವ?’

ಮನ್ಯಾಗ ಪಡದೆ ಎಳದು
ಹಣಿಗೆ ಒದ್ದಿ ಅರಬಿ ಕಟಗೊಂಡು ಮಲಗಿರ್ತೇನಿ.
ತೇಜಾ ತಾಟಿನ ಬುಡಕ್ಕ ಟವೆಲ್ ಹಾಸಿ ಉಣ್ತಾಳ,
ಹನ್ನೆರಡರ ಮಗ್ಗಿ ತುಟಿಯೊಳಗ.
ಸಪ್ಪಳಿಲ್ಲದ ತಾಟ ಇಡೂದು
ಎಂಟು ವರ್ಷದಾಕಿಗೆ ಯಾರೂ ಹೇಳಿಕೊಟ್ಟಿಲ್ಲ.

ಮರದಿನ ತಲಿ
ತೊಳದು ಬೋರಲ ಇಟ್ಟ ಕೊಡದಂಗ ಖಾಲಿ.
ಟಾಂಗಾಕೂಟದಿಂದ ಬಸ್ ಸ್ಟ್ಯಾಂಡಿನ ತನಕ
ಬೋರ್ಡು ಬೋರ್ಡು ಎಡದಿಂದ ಓದಕೋತ ಬಂದೆ,
ಔಷಧದಂಗಡಿ, ಬಳಿ ಅಂಗಡಿ, ಜೆರಾಕ್ಸು.
ಧೂಳ ಹಿಡದ ಒಂದು ಕೆಂಪು ಬಸ್ಸಿನ ನೆತ್ತಿಮ್ಯಾಲ
ರೋ ಇತ್ತು.
ಅದರ ಮಗ್ಗಲಕ್ಕ ಣ.