ಖಾಲಿ ಖಾನೆ

ಡಬ್ಬಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ,
ಹೊಸ ಚಪ್ಪಲಿಯ ಹಾಗೆ.
ಆಮೇಲೆ ಮೋಡೆಮ್ಮು, ಅಂಗೈಯಗಲ,
ಅದರಡಿ ಒಂದು ಪುಸ್ತಿಕೆ:
ಅರ್ಧ ಮರಾಠಿ, ಅರ್ಧ ಹಿಂದಿ.
ಮೈಂದರ್ಗಿಗೆ ಇದೇನು ಹೊಸದಲ್ಲ.
ಕರೆಂಟಿನ ಬಿಲ್ಲು ಬರುವುದು ಮರಾಠಿಯಲ್ಲಿ,
ಅದನ್ನು ನಾವು ಬಯ್ಯುವುದು ಕನ್ನಡದಲ್ಲಿ.

ಲೈನ್‌ಮನ್ ದಸ್ತಗೀರ ಬಂದ,
ಸೊಂಟದಲ್ಲಿ ಇಕ್ಕಳ, ಕಿವಿಯಲ್ಲಿ ಅತ್ತರಿನ ಹತ್ತಿ.
ಕಂಪ್ಯೂಟರಿನ ಬೆನ್ನು ತಿರುಗಿಸಿ, ಬ್ಯಾಟರಿ ಬಿಟ್ಟು ನೋಡಿದ.
"ತೂತೇ ಇಲ್ಲಲ್ಲ ಅಕ್ಕಾ, ಎಲ್ಲಿ ಚುಚ್ಚಲಿ?"

ಒಂಬತ್ತು ವರ್ಷದ ಯಂತ್ರ.
ಹೊರಗಿನಿಂದ ಯಾರಾದರೂ ಬರುತ್ತಾರೆ ಎಂದು
ಅದಕ್ಕೆ ಯಾರೂ ಹೇಳಿರಲಿಲ್ಲ.
ಬದಲಿಸೋಣವೆಂದರೆ ಪ್ರೆಸ್ಸಿನ ಅಕ್ಷರವೆಲ್ಲ ಅದರೊಳಗಿದೆ,
ಬೇರೆ ಮಷೀನಿನಲ್ಲಿ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ.
ಆ ಫಾಂಟು ಮಾರಿದವನು ಅಂಗಡಿ ಮುಚ್ಚಿ
ಈಗ ಸೋಲಾಪುರದಲ್ಲಿ ಚಾದರ ಮಾರುತ್ತಾನೆ.

ಎರಡು ದಿನಕ್ಕೆ ಕಾರ್ಡು ಬಂತು, ಎಸ್‌.ಟಿ. ಬಸ್ಸಿನಲ್ಲಿ,
ಕಂಡಕ್ಟರನ ಚೀಲದೊಳಗೆ.
ಮುಚ್ಚಳ ತೆಗೆದರೆ ಒಳಗೆ ಅರಿಷಿಣದ ಬಣ್ಣದ ಧೂಳು:
ಎಷ್ಟು ಲಗ್ನಪತ್ರ ಕತ್ತರಿಸಿದ್ದೆವೋ, ಎಲ್ಲದರ ಅಂಚು.
ಗುರುಲಿಂಗಪ್ಪ ಬಾಯಲ್ಲೇ ಊದಿದ.
ಸಿ.ಡಿ.ಯ ತಟ್ಟೆ ಹೊರಗೆ ಬರಲೊಲ್ಲದು,
ತುರುಬಿನ ಪಿನ್ನು ತೆಗೆದು ಕೊಟ್ಟೆ.
ಮೂರು ಸಲ ಆರಿಸಿ ಹಚ್ಚಿದೆವು.
ಮೂರು ಸಲವೂ ಅದೇ ಪ್ರಶ್ನೆ ಕೇಳಿತು,
ಮಗ್ಗಿ ಮರೆತ ಹುಡುಗನಂತೆ.

"ಇದು ಗುಬ್ಬಿ," ಅಂದ ದಸ್ತಗೀರ, ಒಂದು ಬಿಳಿ ಡಬ್ಬಿ ತೋರಿಸಿ.
"ತಂತಿ ಒಂದೇ. ಮಾತು ಕೆಳಗ ಹರೀತದ,
ಇದು ಮ್ಯಾಲ ಹರೀತದ.
ಎರಡೂ ಜಗಳಾಡಬಾರದು ಅಂತ ನಡುವ ಇವ ಕೂಡತಾನ."

ಮೊದಲ ದೀಪ ನಿಂತಿತು. ಎರಡನೆಯದು
ಮಿಣುಕುತ್ತದೆ, ಮಿಣುಕುತ್ತದೆ, ನಿಲ್ಲಲೊಲ್ಲದು.
ದಸ್ತಗೀರ ಕಂಬ ಹತ್ತಿದ.
ಮೇಲಿನಿಂದ ಕೂಗಿದ: "ಜಾಯಿಂಟಿಗೆ ಹಸಿರು ಕಿಲುಬು ಹತ್ಯದ!"
"ಹುಣಸಿಹಣ್ಣು ಕೊಡಲೇನು?" ಅಂದೆ ಕೆಳಗಿನಿಂದ.
ನಕ್ಕ. ಚಾಕುವಿನಿಂದ ಕೆರೆದ, ಹಲ್ಲಿನಿಂದ ಎಳೆದ,
ಹೊಸೆದು ಬಿಗಿದ.
ಒಳಗೆ ಗುರುಲಿಂಗಪ್ಪ ಚೀರಿದ: "ನಿಂತ್ತು!"

ಮೊದಲ ಪತ್ರ ಅಫಜಲಪುರದಿಂದ, ಚನಬಸಯ್ಯ ಮಾಸ್ತರರದು,
ಮಗಳ ಲಗ್ನಕ್ಕೆ ಸುಖಾಗಮನ ಬಯಸುವವರ ಹೆಸರು.
ತೆರೆದೆ.
ಚೌಕ. ಚೌಕ. ಚೌಕ. ಚೌಕ.
ಸಾಲು ಸಾಲಾಗಿ ಬರೀ ಚೌಕ, ನಡುವೆ ಒಂದೊಂದು ಅಲ್ಪವಿರಾಮ.
ಹೊಸ ಕನ್ನಡವಂತೆ. ನಮ್ಮ ಹಳೆಯದಕ್ಕೆ ಅದರ ಪರಿಚಯವಿಲ್ಲ.

ಗುರುಲಿಂಗಪ್ಪ ಕನ್ನಡಕ ಏರಿಸಿ ಹತ್ತಿರ ಬಂದ.
ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದ ಬೆರಳು,
ತುದಿಯಲ್ಲಿ ಇನ್ನೂ ಸೀಸದ ಕಪ್ಪು.
"ಖಾನೆ ಎಲ್ಲಾ ಖಾಲಿ," ಅಂದ,
"ಮೊಳೆ ಯಾರೋ ಒಯ್ದಾರ."

ಫೋನು ಎತ್ತಿದೆ. ಗುಬ್ಬಿ ತನ್ನ ಕೆಲಸ ಮಾಡುತ್ತಿತ್ತು,
ಮೇಲೆ ಚೌಕ ಹರಿಯುತ್ತಿರುವಾಗಲೇ ಕೆಳಗೆ ಮಾಸ್ತರರ ದನಿ.
"ಓದಿ ಹೇಳ್ರಿ, ಹೊಡಕೋತೀನಿ."
ಅವರು ಓದಿದರು, ನಾನು ಬಡಿದೆ.
ಬಸಲಿಂಗವ್ವ, ವ ಎರಡು. ಈರಪಾಕ್ಷಿ.
ಮಡಿವಾಳಯ್ಯ, ಅದರ ಮುಂದೆ ವೇದಮೂರ್ತಿ ಬೇಕೇ ಬೇಕು.

ಗುರುಲಿಂಗಪ್ಪ ಪರದೆಯ ಮೇಲೆ ಬೆರಳಿಟ್ಟು
ಮೇಲಿನಿಂದ ಎಣಿಸುತ್ತಾ ಇದ್ದ,
ಹಳೆಯ ಚಾಳಿ, ಮೊಳೆ ಕಡಿಮೆ ಬೀಳಬಾರದೆಂದು.
ಚೌಕದ ಸಾಲು ಹದಿನೇಳು.
ಮಾಸ್ತರರು ಓದಿದ್ದು ಹದಿನಾರು.

"ಒಂದು ಹೆಸರು ಉಳೀತಲ್ರೀ ಮಾಸ್ತರ? ಹನ್ನೊಂದನೇದು?"

ಕಿಲುಬು ತೆಗೆದ ತಂತಿ ಎಷ್ಟು ಸ್ವಚ್ಛವಿತ್ತೆಂದರೆ
ಅವರ ಮನೆಯ ಫ್ಯಾನು ಕೇಳಿಸಿತು.
ಬಳೆ ಕೇಳಿಸಿತು. ಯಾರೋ ಕುರ್ಚಿ ಎಳೆದರು.
"ಅದು..." ಅಂದರು, ದನಿ ಇಳಿಸಿ,
"ಅದನ್ನ ಸಾಲಿಯಿಂದ ಹೇಳ್ತೀನಿ, ನಾಳೆ."

ಹತ್ತರ ಕೆಳಗೆ ಒಂದು ಸಾಲು ಬಿಟ್ಟು
ಉಳಿದದ್ದು ಮುಗಿಸಿದೆ.
ಪರದೆಯ ಮೇಲೆ ಆ ಹೆಸರು ಹಾಗೇ ಕೂತಿತ್ತು,
ಒಂಬತ್ತು ಚೌಕ,
ಕೊನೆಯ ದೀಪ ಅದರ ಪಕ್ಕ ಹಸಿರಾಗಿ.