ಕೋರಾ

ಬ್ಯಾಲರಾಟ್‌ನಲ್ಲಿ ಜೂನ್ ಅಂದರೆ
ಬೆಳಗಿನ ಹತ್ತಕ್ಕೂ ಕಾರಿನ ಗಾಜಿನ ಮೇಲೆ ಹಿಮದ ಪೊರೆ.
ಮರ್ಲ್ ಅಂಗಡಿಯ ಬಾಗಿಲು ತಳ್ಳಿದೆ.
ಚೀಲದಲ್ಲಿ ನಾಲ್ಕು ಬಣ್ಣದ ನೂಲು, ಒಂದು ಪಟ್ಟಿ:
ಕೆರೆಯ ಕಪ್ಪು ಹಂಸ, ಟ್ರಾಮು, ಹಿತ್ತಲ ನಲ್ಲಿ,
ಬೇಲಿ ಮೇಲೆ ಮಲಗುವ ಟ್ಯಾಮ್ಸಿನಳ ಬೆಕ್ಕು,
ಹೀಗೆ ಹದಿನಾರು ಚೌಕ.
ಪಕ್ಕದ ಮನೆಯ ಟ್ಯಾಮ್ಸಿನಳಿಗೆ ಆಗಸ್ಟಿನಲ್ಲಿ ದಿನ ತುಂಬುತ್ತವೆ.

"ಹಿನ್ನೆಲೆಗೆ ಏನು?" ಕೇಳಿದಳು ಮರ್ಲ್,
ಕನ್ನಡಕ ಹಣೆಗೇರಿಸಿ.
ಬಿಳಿ, ಅಂದೆ.
"ಯಾವ ಬಿಳಿ?"

ಅಲ್ಲಿಂದ ಶುರು.
ಇಪ್ಪತ್ತೆರಡು ಥಾನು, ಒಂದೊಂದಕ್ಕೂ ಹೆಸರು:
ಹಿಮ, ದಂತ, ಮೊಟ್ಟೆಚಿಪ್ಪು, ಕಡಲ ಉಪ್ಪು.
ನನಗೆ ಕಂಡದ್ದು ಬೇರೆ.
ಸುಣ್ಣದ ಬಿಳಿ, ಗಂಜಿಯ ಬಿಳಿ,
ಸುಲಿದ ಬೆಳ್ಳುಳ್ಳಿ, ಬೀಸಿದ ಜೋಳ,
ಬೆಣ್ಣೆ ತೆಗೆದ ಮೇಲೆ ಮಜ್ಜಿಗೆಗೆ ಉಳಿಯುವ
ಆ ಬಡಕಲು ನೀಲಿ ಬಿಳಿ.

ಹಿನ್ನೆಲೆ ಎಂಬ ಮಾತೇ ನನಗೆ ಒಗ್ಗಲಿಲ್ಲ.
ಹಿಂದೆ ಎಲ್ಲಿದೆ ಅದು?
ಸೀರೆಗೆ ಅಂಚು, ಸೀರೆಗೆ ಸೆರಗು,
ಉಳಿದದ್ದೆಲ್ಲ ಒಡಲು.
ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ
ಹೊಟ್ಟೆ ಅಂದುಬಿಟ್ಟೆ, ಕೈಯಿಟ್ಟು ತೋರಿಸಿಯೂ ಬಿಟ್ಟೆ.
ಮರ್ಲ್ ಗಾಬರಿಯಾಗಿ ಕುರ್ಚಿ ತಂದಳು.

ಕಾಗದದಲ್ಲಿ ಕತ್ತರಿಸಿದ ಹಂಸ ತಂದಿದ್ದೆ.
ಹಿಮದ ಮೇಲಿಟ್ಟರೆ ಮಸಿ ಚೆಲ್ಲಿದ ಹಾಗೆ.
ತಿಳಿನೀಲಿಯ ಮೇಲಿಟ್ಟರೆ ಈಜಿಕೊಂಡು ಹೋಯಿತು,
ಆದರೆ ಬೆಕ್ಕು, ಟ್ರಾಮು ಮುಳುಗಿದವು.
ತೆಳುವಾದದ್ದರ ಹಿಂದೆ ಬೆರಳಿಟ್ಟು ಮರ್ಲ್ ಎಂದಳು, "ನೋಡು,
ಗಂಟು, ನೂಲಿನ ಬಾಲ, ಎಲ್ಲ ಇಣುಕುತ್ತವೆ."
ನಾನು ಗಂಟು ಹಾಕುವವಳಲ್ಲ, ಎಂದೆ.
ಸ್ವಲ್ಪ ಜಂಬವೇ ಬಂತು.
ಧಾರವಾಡದಲ್ಲಿ ನಮ್ಮ ಚಿಗವ್ವ
ಒಂದು ಗಂಟು ಸಿಕ್ಕರೆ ಇಡೀ ಗೋಪುರ ಬಿಚ್ಚಿಸುತ್ತಿದ್ದಳು.
"ಮೊದಲ ನೆಲಾ ನೋಡು, ಆಮ್ಯಾಲ ನೂಲು.
ಎಳಿ ಎಣಸಾಕ ಬರದ ಅರಿವಿ ಕಣ್ಣಿಗೆ ವೈರಿ."

ಇಲ್ಲಿ ಎಲ್ಲ ಅಂಥವೇ, ಗಾಜಿನ ಹಾಗೆ ನುಣುಪು.
ಕೊನೆಗೆ ಮೇಜಿನ ಕೆಳಗಿಂದ ಒಂದನ್ನು ಎಳೆದಳು,
ಅಂಗಿಯ ಅಳತೆ ತಪ್ಪೀತೆಂದು
ಮೊದಲು ಕತ್ತರಿಸಿ ನೋಡುವ ಅಗ್ಗದ ಬಟ್ಟೆ.
ಕ್ಯಾಲಿಕೋ.
ಟ್ಯೂಬ್‌ಲೈಟನ್ನು ನಂಬದೆ ಫುಟ್‌ಪಾತಿಗೆ ಒಯ್ದು
ಹಗಲಿಗೆ ಹಿಡಿದೆ.
ಅಲ್ಲಲ್ಲಿ ಹತ್ತಿಕಾಳಿನ ಸಿಪ್ಪೆಯ ಕಂದು ಚುಕ್ಕೆ,
ಎಣಿಸಿದರೆ ಸಿಗುವ ಎಳೆ.
ಹಂಸ ಕೂತಿತು. ನಲ್ಲಿ ನಿಂತಿತು.
ಬೆಕ್ಕು ಮಲಗಿತು.

ಆಗ ಮೂಗಿಗೆ ಗಂಜಿಯ ವಾಸನೆ ಬಡಿದು
ಕೈ ತಡೆಯಿತು.
ಕೋರಾ.
ನಮ್ಮಲ್ಲಿ ಇದನ್ನು ಅವಸರದಲ್ಲಿ ಹರಿಸಿಕೊಂಡು ಬರುವುದು
ಒಂದೇ ಕೆಲಸಕ್ಕೆ. ಅವತ್ತು ಯಾರೂ ಚೌಕಾಸಿ ಮಾಡುವುದಿಲ್ಲ.
ಚಿಗವ್ವನಿಗೂ ತಂದಿದ್ದರಂತೆ.
ನಾನು ಫೋನಿನಲ್ಲಿ ಏನೇನೋ ಕೇಳಿದೆ,
ಬಟ್ಟೆ ಎಷ್ಟು ಮೊಳ ಎಂದೂ ಕೇಳಿದೆ,
ಯಾಕೆ ಕೇಳಿದೆನೋ.

ಮರ್ಲ್‌ಗೆ ಏನೂ ಹೇಳಲಿಲ್ಲ.
ಎರಡೂಕಾಲು ಮೀಟರ್, ಅಂದೆ.
ಅವಳು ಮಡಿಸುತ್ತ ಅಂದಳು,
"ಹೊಲಿಯುವ ಮೊದಲು ಒಗೆ. ಬಿಸಿನೀರು, ಎರಡು ಸಲ.
ಇದು ಕುಗ್ಗುವ ಜಾತಿ."

ನೀರು ಕಂಡ ಮೇಲೆ ಯಾವ ಬಟ್ಟೆಯೂ ಕೋರಾ ಅಲ್ಲ.
ಹೆತ್ತ ಮನೆಗೆ ಹೊಸದನ್ನು ಒಯ್ಯದೆ
ಹಳೆ ಸೀರೆ ಹರಿದು ಒಯ್ಯುತ್ತಿದ್ದ ಚಿಗವ್ವನೂ
ಇದಕ್ಕೆ ಹೂಂ ಅನ್ನುತ್ತಾಳೆ.
ಅಂದುಕೊಂಡೆ.
ಎರಡು ಸಲ ಅಂದದ್ದಕ್ಕೆ ಮೂರು ಸಲ ಒಗೆದೆ.

ಹಿತ್ತಲ ತಂತಿಯ ಮೇಲೆ ಅದು ಎರಡು ದಿನ ಒಣಗಲಿಲ್ಲ,
ರಾತ್ರಿ ಸೆಟೆದು ಹಪ್ಪಳವಾಯಿತು.
ಬೇಲಿಯಾಚೆಯಿಂದ ಟ್ಯಾಮ್ಸಿನ್, ಹೊಟ್ಟೆಯ ಮೇಲೆ ಟೀ ಕಪ್ಪು ಇಟ್ಟುಕೊಂಡು,
"ಏನದು, ಪರದೆಯಾ?" ಎಂದಳು.
ಹೌದು, ಅಂದೆ.

ಇಸ್ತ್ರಿ ಹಾಕಿ ಅಳೆದೆ:
ಹನ್ನೆರಡು ಸೆಂಟಿಮೀಟರ್ ಕಡಿಮೆ.
ಹದಿನಾರು ಚೌಕಕ್ಕೆ ಸಾಲುತ್ತದೋ ಇಲ್ಲವೋ.
ಹಂಸದ ಕತ್ತು ಸ್ವಲ್ಪ ಗಿಡ್ಡ ಮಾಡಬೇಕು.